ಬಗ್ಗದವರ ಊರು

ಆ ಊರಿಗೆ ದಾರಿ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ನಾತ ಹಿಡಿದು ನಡೆದರೆ ಸಾಕು, ತಲುಪುತ್ತೀರಿ. ಮೊದಲು ಕೊಳೆತ ಬಾಳೆಸಿಪ್ಪೆಯದು, ಆಮೇಲೆ ಹಳಸಿದ ಅನ್ನದ್ದು, ಆಮೇಲೆ ಎಲೆಯಡಿಕೆ ಉಗುಳಿನದು. ಎಲ್ಲ ಬೆರೆತು ಗಂಟಲಿಗೆ ಬಂದು ಕೂತಾಗ ಊರಬಾಗಿಲು ಬಂತೆಂದು ತಿಳಿಯಿರಿ. ಆ ಬಾಗಿಲು ಬಹಳ ಎತ್ತರ. ಅಲ್ಲಿ ಎಲ್ಲ ಬಾಗಿಲುಗಳೂ ಎತ್ತರವೇ. ಏಕೆಂದರೆ ಆ ಊರಿನಲ್ಲಿ ಗಂಡಸಾದವನು ಬಗ್ಗುವುದಿಲ್ಲ.

ಬಗ್ಗುವುದಿಲ್ಲ ಎಂದರೆ ಬಗ್ಗುವುದಿಲ್ಲ. ಯಾರಿಗೂ ತಲೆಬಾಗುವುದಿಲ್ಲ ಎನ್ನುತ್ತಾರಲ್ಲ, ಆ ದೊಡ್ಡ ಮಾತಿನ ಅರ್ಥದಲ್ಲಲ್ಲ; ನಿಜವಾಗಿಯೂ ಸೊಂಟ ಬಗ್ಗಿಸುವುದಿಲ್ಲ. ಕೈಯಿಂದ ಜಾರಿದ್ದು ಜಾರಿತು. ಚೀಪಿದ ಮಾವಿನ ಓಟೆ, ಕತ್ತರಿಸಿದ ಉಗುರು, ತಲೆ ಕೆರೆದಾಗ ಉದುರಿದ ಹೊಟ್ಟು, ಮೂಗೊರೆಸಿದ ವಸ್ತ್ರ, ಎಲ್ಲವೂ ನೆಲಕ್ಕೆ. ನೆಲಕ್ಕೆ ಬಿದ್ದದ್ದು ಹೆಂಗಸರದು. ಅವರು ಪೊರಕೆ ಮೊರ ಹಿಡಿದು ಹಿಂದೆಯೇ ನಡೆಯುತ್ತಿದ್ದರು, ಆದರೆ ಬೀಳುವ ವೇಗಕ್ಕೆ ಎತ್ತುವ ಕೈ ಎಲ್ಲಿ ಸಾಲುತ್ತದೆ? ಗಂಡಸರ ಪಾದ ತೊಳೆಯುವವರು ಹೆಂಗಸರು, ಕಾಲುಗುರು ತೆಗೆಯುವವರು ಹೆಂಗಸರು, ಚಪ್ಪಲಿಯ ಬಾರು ಕಟ್ಟುವವರು ಹೆಂಗಸರು. ಬಹಿರ್ದೆಸೆಯ ಮಾತು ಎತ್ತದಿರುವುದೇ ವಾಸಿ. ಬಗ್ಗದವನ ಅಂಡು ಯಾರು ತೊಳೆಯಬೇಕೆಂದು ಬಿಡಿಸಿ ಹೇಳಿಸಿಕೊಳ್ಳುವಷ್ಟು ದಡ್ಡರು ನೀವಲ್ಲ. ಇಷ್ಟೆಲ್ಲ ಮಾಡಿಸಿಕೊಂಡು ಎದೆ ಸೆಟೆಸಿ ಬೀದಿಗೆ ಬರುತ್ತಿದ್ದರು. ಅದಕ್ಕೆ ಗಂಡಸುತನ ಎಂದು ಹೆಸರಿಟ್ಟುಕೊಂಡಿದ್ದರು.

ಊರ ನಡುವೆ ಚೌಕ, ಚೌಕದ ನಡುವೆ ಕಲ್ಲುಕಟ್ಟೆ. ಬೆಳಗಿನ ಬಿಸಿಲು ಕಟ್ಟೆಗೆ ತಾಗಿದ ಕೂಡಲೇ ಸಾರುವವನು ಅಲ್ಲಿಗೆ ಬರುತ್ತಿದ್ದ. ಅವನ ಅಪ್ಪನೂ ಸಾರುವವನೇ, ಅಪ್ಪನ ಅಪ್ಪನೂ ಸಾರುವವನೇ. ಮೀನಖಂಡದವರೆಗೆ ಬಾರು ಸುತ್ತಿದ ಚಪ್ಪಲಿ ಮೆಟ್ಟಿ ಬರಬೇಕು, ಬರಿಗಾಲಲ್ಲಿ ಕಟ್ಟೆ ಹತ್ತಬೇಕು, ಅದು ಪದ್ಧತಿ. ಆ ಚಪ್ಪಲಿಗೆ ಅವನ ಹೆಂಡತಿಯಲ್ಲದೆ ಬೇರೆ ಯಾರೂ ಕೈ ಹಚ್ಚುವಂತಿರಲಿಲ್ಲ. ಅವಳು ಬಗ್ಗಿ ಬಾರು ಬಿಚ್ಚಿ, ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಬುಡದಲ್ಲಿ ಕೂರುತ್ತಿದ್ದಳು. ಅವನು ಮೇಲೆ ನಿಂತು, ಊರಿನ ಮೂಲಪುರುಷ ಸಾಯುವ ಮುಂಚೆ ಆಡಿದ ಮಾತನ್ನು ಕೂಗಿ ಸಾರುತ್ತಿದ್ದ:

"ಗಂಡಸಾದೋನು ಬಗ್ಗಬಾರ್ದೂ...!"

ಎಂಥ ಗಂಟಲು ಅದು! ಮನೆಗಳ ಮಾಡುಗಳನ್ನು ದಾಟಿ, ಊರಬಾಗಿಲು ದಾಟಿ, ಕೆರೆಯ ಏರಿಯವರೆಗೂ ಹೋಗುತ್ತಿತ್ತು. ಆ ಹೊತ್ತಿಗೆ ಮನೆಮನೆಯ ಹೊಸ್ತಿಲಲ್ಲೂ ಹೆಂಗಸರು ಬಗ್ಗಿ ಬಾರು ಕಟ್ಟುತ್ತಿರುವ ಸಮಯ. ಕೂಗಿನ ಬಾಲ ಆರುವ ಮುನ್ನ ನೆಲದ ಮಟ್ಟದಿಂದ ಒಂದು ಗುಜುಗುಜು ಏಳುತ್ತಿತ್ತು. ನೆಟ್ಟಗೆ ನಿಂತ ಗಂಡಸರ ಕಿವಿಗೆ ಅದರ ಕೊನೆಯಷ್ಟೇ ಮುಟ್ಟುತ್ತಿತ್ತು: "...ಹಾ..." ಅದನ್ನು ಅವರು "ಹ್ಞಾ" ಎಂದು ಕೇಳಿಸಿಕೊಂಡರು. ಹೆಂಗಸರೂ ಒಪ್ಪಿದ್ದಾರೆ ಎಂದು ಮೀಸೆ ತಿರುವಿದರು. ತಲೆತಲಾಂತರದಿಂದ ಹಾಗೆಯೇ ತಿರುವುತ್ತ ಬಂದಿದ್ದರು. ಕಟ್ಟೆಯ ಬುಡದಲ್ಲಿ ತನ್ನ ಹೆಂಡತಿಯ ತುಟಿಯೂ ಅಲುಗುವುದನ್ನು ಸಾರುವವನು ದಿನವೂ ಕಾಣುತ್ತಿದ್ದ. ಗಂಡನ ಆಯುಷ್ಯಕ್ಕೆ ಏನೋ ಬೇಡಿಕೊಳ್ಳುತ್ತಿದ್ದಾಳೆ ಎಂದು ಅವನ ಅಂದಾಜು.

ಅವಳು ತುಂಬು ಬಸುರಿಯಾದಳು. ಒಂದು ದಿನ ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಜಗಲಿಯಲ್ಲಿ ನಿಂತಿದ್ದ ಅವನ ಹತ್ತಿರ ಬಂದಳು.

"ನೋಡಪ್ಪ, ಮಗು ಕೆಳಕ್ಕೆ ಇಳಿದದೆ. ಹೆರೋಗಂಟ ಅವಳು ಬಗ್ಗಂಗಿಲ್ಲ. ಬಗ್ಗುದ್ರೆ ತಾಯಿನೂ ಇಲ್ಲ, ಕೂಸೂ ಇಲ್ಲ."

"ನನ್ನ ಚಪ್ಪಲಿ?" ಎಂದ ಸಾರುವವನು.

ಅವನ ಬಾಯಿಂದ ಮೊದಲು ಬಂದ ಮಾತು ಅದು. ಸೂಲಗಿತ್ತಿ ಅವನ ಕಾಲಿನ ಪಕ್ಕ ಥುಪ್ಪೆಂದು ಉಗುಳಿದಳು. ಆಮೇಲೆ ತಾನೇ ಬಗ್ಗಿ ಅದಕ್ಕೆ ಮಣ್ಣು ಮುಚ್ಚಿ ಹೋದಳು.

ಅವನೇನು ಕಲ್ಲಲ್ಲ. ಹೆಂಡತಿ ಎಂದರೆ ಜೀವವೇ. ಅವಳು ಬಾವಿಗೆ ಹೋದಾಗ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಚೊಂಬೊಂದನ್ನು ಬೀಳಿಸಿ, ಬಗ್ಗಲು ನೋಡಿದ. ಕೈ ಮಂಡಿಯವರೆಗೆ ಹೋಯಿತು. ಸೊಂಟದಲ್ಲಿ ಲಟಕ್ ಎಂದಿತು. ಹುಣ್ಣಿಮೆಗೆ ಹುಣ್ಣಿಮೆಗೆ ಊರ ಹಿರಿಯರು ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಗಾರೆಯವರು ಗೋಡೆಗೆ ಹಿಡಿಯುವ ಗುಂಡು ಕಟ್ಟಿದ ದಾರವನ್ನು ಬೆನ್ನಿಗೆ ಹಿಡಿದು ನೋಡುತ್ತಿದ್ದರು. ಒಮ್ಮೆ ಬಗ್ಗಿದ ಬೆನ್ನು ದಾರಕ್ಕೆ ಕೂರುವುದಿಲ್ಲ ಎಂದು ನಂಬಿಕೆ. ಕಟ್ಟೆ ಹೋಗುತ್ತದೆ, ಹೆಸರು ಹೋಗುತ್ತದೆ, ಅಪ್ಪನ ಹೆಸರೂ ಹೋಗುತ್ತದೆ. ಅವನು ಬೆವರುತ್ತ ನೆಟ್ಟಗಾದ. ಹೆಂಡತಿ ಬಂದವಳು ಗೋಡೆಗೆ ಒಂದು ಕೈ ಕೊಟ್ಟು, ಹೊಟ್ಟೆಗೆ ಒಂದು ಕೈ ಕೊಟ್ಟು, ನಿಧಾನಕ್ಕೆ ಬಗ್ಗಿ ಚೊಂಬು ಎತ್ತಿಟ್ಟಳು. ಅವನಿಗೆ ಹೇಸಿಗೆಯಾಯಿತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಯಾರಾದರೂ ದಾರಿ ತೋರಿಸಲಿ ಎಂದು ಮೊದಲು ಹಲಗೆಯವರ ಹತ್ತಿರ ಹೋದ. ಅಂಗಿಯೊಳಗೆ ಬೆನ್ನಿಗೆ ಮರದ ಹಲಗೆ ಕಟ್ಟಿಕೊಂಡವರ ಸಂಘ ಅದು. ಹುಟ್ಟುಬೆನ್ನು ಸಾಲದೆಂದು ಹಲಗೆ. ಮಾಳಿಗೆಯ ಮೇಲೆ ಸಾಲಾಗಿ ನಿಂತು ಸಭೆ ಮಾಡುತ್ತಿದ್ದರು. ಹಲಗೆಯ ಕೆಳಗೆ ಚರ್ಮ ಬೆಂದು, ಹುಣ್ಣಾಗಿ, ಕೀವು ಅಂಗಿಗೆ ಅಂಟಿ ಒಣಗಿತ್ತು. ಸಂಜೆ ಸಂಜೆ ಹೆಂಡತಿಯರು ಬೇವಿನ ನೀರಲ್ಲಿ ಅದನ್ನು ಬಿಡಿಸಿ ಒರೆಸಬೇಕಿತ್ತು. ಮಾಳಿಗೆ ಏರುವಾಗಲೇ ಸಾರುವವನು ಮೂಗು ಮುಚ್ಚಿಕೊಂಡ.

ಹಲಗೆಯ ಹಿರಿಯ ಎಲ್ಲ ಕೇಳಿಸಿಕೊಂಡು ನಕ್ಕ. "ಬಗ್ಗಕ್ಕಾಗಲ್ಲ ಅಂದ್ಲು, ನೀನು ನಂಬಿದೆ. ಅಲ್ಲಯ್ಯ, ನಮ್ಮಮ್ಮಂದಿರು ಬಗ್ಗಲಿಲ್ವಾ? ಹೆರಲಿಲ್ವಾ? ಇವತ್ತು ಬಾರು ಬಿಟ್ಟರೆ ನಾಳೆ ಪಾದ ಬಿಡ್ತಾರೆ."

"ಸೂಲಗಿತ್ತಿನೇ ಹೇಳಿದ್ಲು..."

"ಅವಳೂ ಹೆಂಗಸೇ ತಾನೇ? ಎಲ್ಲ ಒಂದೇ. ನೋಡು, ಈ ಊರಲ್ಲಿ ಬಿದ್ದದ್ದೆಲ್ಲ ಅವರದ್ದು. ನೆಲಕ್ಕೆ ನೆಲಾನೇ ಅವರ ಕೈಲಿದೆ. ನಮಗೇನಿದೆ ಹೇಳು? ಬೆಳಗಿಂದ ಸಂಜೆತನಕ ನಿಂತೇ ಇರಬೇಕು. ನಮ್ಮ ಬೆನ್ನುನೋವು ಕೇಳೋರು ಯಾರಿದ್ದಾರೆ?"

ಸಾಲಾಗಿ ನಿಂತವರೆಲ್ಲ ನಿಟ್ಟುಸಿರು ಬಿಟ್ಟರು. ಒಬ್ಬ ಬಿಕ್ಕಿ ಬಿಕ್ಕಿ ಅತ್ತೇಬಿಟ್ಟ. ಅತ್ತವನ ಗೊಣ್ಣೆ ಮೀಸೆಗೆ ಇಳಿಯಿತು. ಒರೆಸಿಕೊಂಡ ವಸ್ತ್ರ ಕೈಜಾರಿ ಮಾಳಿಗೆಯಿಂದ ಕೆಳಗಿನ ಅಂಗಳಕ್ಕೆ ಬಿತ್ತು. ಕೆಳಗೆ ಒಬ್ಬಳು ಬಗ್ಗಿ ಅದನ್ನೆತ್ತಿದಳು. ಬೆನ್ನುನೋವಿನ ಮಾತು ಇನ್ನೂ ಮುಂದುವರಿದೇ ಇತ್ತು.

ಅಲ್ಲಿಂದ ಇಳಿದವನು ಊರಾಚೆಯ ತೋಪಿನಲ್ಲಿದ್ದ ಮೆತ್ತೆಯವರನ್ನು ಹುಡುಕಿಕೊಂಡು ಹೋದ. ಇವರು ಹೊಸಬರು. ಹಳೆಯ ನಿಯಮ ತಪ್ಪು, ಗಂಡಸೂ ಬಗ್ಗಬೇಕು ಎನ್ನುವವರು. ಹಲಗೆಯವರಿಗೆ ಇವರ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಹಿರಿಯರು ಬೆನ್ನಿಗೆ ದಾರ ಹಿಡಿಯಲು ಬಂದರೆ ಇವರು ಗುಂಪು ಕಟ್ಟಿಕೊಂಡು ಓಡಿಸುತ್ತಿದ್ದರು. ಇವರನ್ನು ಕಂಡಾಗ ಸಾರುವವನಿಗೆ ಹೋದ ಜೀವ ಬಂದಂತಾಯಿತು. ಹುಲ್ಲಿನ ಮೇಲೆ ಎತ್ತರದ ಒಂದು ಪೀಠ, ಪೀಠದ ಮೇಲೆ ರೇಷ್ಮೆಯ ಮೆತ್ತೆ. ಒಬ್ಬೊಬ್ಬರಾಗಿ ಮುಂದೆ ಬಂದು, ಕಣ್ಣು ಮುಚ್ಚಿ, ಅಂಗೈ ಮೆತ್ತೆಗೆ ತಾಗುವಷ್ಟು ಬಗ್ಗುವರು. ಉಳಿದವರು ಭೇಷ್ ಭೇಷ್ ಎನ್ನುವರು. ಬಗ್ಗಿದವನು ಎದ್ದು, ನಮ್ಮಪ್ಪ ಒಂದು ದಿನವೂ ನನ್ನನ್ನು ಬಗ್ಗಿ ಎತ್ತಿಕೊಳ್ಳಲಿಲ್ಲ ಎಂದು ಅಳುವನು. ಎಲ್ಲರೂ ಅವನನ್ನು ತಬ್ಬಿಕೊಂಡು ಬಾಳೆಹಣ್ಣು ತಿನ್ನುವರು.

ಮೆತ್ತೆಯ ಗುರು ಮೆಲುದನಿಯವನು. "ಬಾ ತಮ್ಮ," ಎಂದ. "ಬಗ್ಗು. ನಿನ್ನೊಳಗಿರೋ ಆ ಗಟ್ಟಿ ಗಂಡಸು ಕರಗಿಹೋಗಲಿ."

"ಕರಗೋದು ಆಮೇಲಾಯ್ತು ಸ್ವಾಮಿ. ಬಗ್ಗಿ ಚಪ್ಪಲಿ ಬಾರು ಕಟ್ಟೋದು ಹೇಗೆ, ಅಷ್ಟು ಹೇಳಿಕೊಡಿ. ನನ್ನ ಹೆಂಡತಿ ದಿನ ತುಂಬಿದವಳು."

ತಬ್ಬಿಕೊಂಡಿದ್ದವರು ಕೈ ಸಡಿಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಗುರು ಮುಗುಳ್ನಕ್ಕ. "ಬಾರು ಬಹಳ ಸಣ್ಣ ವಿಷಯ. ನಾವು ಬಗ್ಗೋದು ಬಗ್ಗೋದಕ್ಕಾಗಿಯೇ."

ಸಾರುವವನ ಕಣ್ಣು ಗುರುವಿನ ಕಾಲಿಗೆ ಹೋಯಿತು. ಬಾರು ಒಂದು ಎಳೆಯೂ ತಪ್ಪದಂತೆ ಮೀನಖಂಡದವರೆಗೆ ಸುತ್ತಿತ್ತು.

"ಇದನ್ನ ಕಟ್ಟಿದ್ದು ಯಾರು?"

"ಮನೆಯವಳು. ಆದರೆ ನಮ್ಮ ಮನೇಲಿ ಬಲವಂತ ಇಲ್ಲ ನೋಡು. ಅವಳು ಪ್ರೀತಿಯಿಂದ ಕಟ್ತಾಳೆ."

ಸಭೆ ಮುಗಿಯಿತು. ಕಣ್ಣೀರೊರೆಸಿದ ವಸ್ತ್ರ, ಬಾಳೆಸಿಪ್ಪೆ ಎಲ್ಲವನ್ನೂ ಹುಲ್ಲಿನ ಮೇಲೆ ಬಿಟ್ಟು ಅವರು ಹಗುರಾದ ಮನಸ್ಸಿನಿಂದ ಹೊರಟರು. ಮರಗಳ ಹಿಂದೆ ಕಾದಿದ್ದ ಹೆಂಗಸರು ಮೊರ ಹಿಡಿದು ಬಂದರು. ಹಲಗೆಯವರ ಕೀವು ಕಂಡಾಗಲೂ ಸಾರುವವನಿಗೆ ಇಷ್ಟು ಅಸಹ್ಯವಾಗಿರಲಿಲ್ಲ. ಆದರೂ ತಾನೊಂದು ಸಿಪ್ಪೆಯನ್ನಾದರೂ ಎತ್ತಲಿಲ್ಲ. ಅಸಹ್ಯಪಟ್ಟುಕೊಂಡು ನೆಟ್ಟಗೆ ಮನೆಗೆ ಹೋದ.

ಮರುದಿನ ಬೆಳಗ್ಗೆ ಹೊಸ್ತಿಲಲ್ಲಿ ಹೆಂಡತಿ ಬಾರು ಹಿಡಿದು ಬಗ್ಗುವಾಗ, "ಆಗುತ್ತೇನೇ?" ಎಂದು ಕೇಳಿದ.

"ಆಗಲ್ಲ ಅಂದ್ರೆ ಏನ್ಮಾಡ್ತೀರಿ?" ಎಂದಳು.

ಅವನು ಕಾಲನ್ನು ಇನ್ನಷ್ಟು ಮುಂದೆ ಚಾಚಿದ. ಅವಳು ಉಸಿರು ಹಿಡಿದು ಬಾರು ಸುತ್ತಿದಳು.

ಅಂದು ಚೌಕದಲ್ಲಿ ಗಂಡಸರೆಲ್ಲ ಸೇರಿದ್ದರು. ಬಗ್ಗಬೇಕೋ ಬಗ್ಗಬಾರದೋ ಎಂದು ಹಲಗೆಯವರಿಗೂ ಮೆತ್ತೆಯವರಿಗೂ ವಾದ ನಿಗದಿಯಾಗಿತ್ತು. ಸಾರುವವನು ಬರಿಗಾಲಲ್ಲಿ ಕಟ್ಟೆ ಹತ್ತಿ ಸಾರಿದ. ಗುಜುಗುಜು ಎದ್ದಿತು, "...ಹಾ..." ಎಂದು ಆರಿತು. ಹೆಂಗಸರು ಮೈಲಿಗೆ ಬಟ್ಟೆಯ ಗಂಟು ಹೊತ್ತು ಕೆರೆಗೆ ಹೋದರು. ವಾದ ಶುರುವಾಯಿತು. ಒಂದು ಕಡೆಯವರು ಬೆನ್ನುಮೂಳೆ ಎಂದರು, ಇನ್ನೊಂದು ಕಡೆಯವರು ಹೃದಯ ಎಂದರು. ಬಿಸಿಲೇರಿತು. ಸಾರುವವನು ಕೆಳಗಿಳಿದು ಕಾಲು ಮುಂದೆ ಚಾಚಿದ. ಹೆಂಡತಿ ಚಪ್ಪಲಿ ತೊಡಿಸಿ, ಒಂದು ಕಾಲಿನ ಬಾರು ಸುತ್ತಿ, ಇನ್ನೊಂದಕ್ಕೆ ಕೈ ಹಾಕಿದವಳು ಹಾಗೆಯೇ ಪಕ್ಕಕ್ಕೆ ವಾಲಿ ಬಿದ್ದಳು.

"ಏಳೇ," ಎಂದ ಅವನು. ಅವಳು ಏಳಲಿಲ್ಲ. ಸೀರೆ ಒದ್ದೆಯಾಯಿತು, ನೆಲ ಒದ್ದೆಯಾಯಿತು, ಧೂಳು ಕೆಸರಾಯಿತು. ಹತ್ತಿರದಲ್ಲಿದ್ದವರು ಚಪ್ಪಲಿಗೆ ಕೆಸರು ತಾಗದಂತೆ ಹಿಂದೆ ಸರಿದರು.

"ಹೆಂಗಸರನ್ನ ಕರೀರಿ," ಎಂದ ಹಲಗೆಯ ಹಿರಿಯ.

"ಕೆರೆವರೆಗೆ ಯಾರು ಹೋಗ್ತಾರೆ?"

"ಬಗ್ಗೋರು ಇದ್ದಾರಲ್ಲ, ರೇಷ್ಮೆ ಮೇಲೆ! ಅವರೇ ಎತ್ತಲಿ," ಎಂದ ಹಲಗೆಯವರಲ್ಲೊಬ್ಬ.

ಎಲ್ಲರೂ ಮೆತ್ತೆಯ ಗುರುವಿನ ಕಡೆ ನೋಡಿದರು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. "ಎತ್ತಬೇಕು. ನಮ್ಮ ತತ್ವವೇ ಅದು. ಆದರೆ ಹೀಗೆ ಕೆಸರಲ್ಲಲ್ಲ. ಯಾರಾದರೂ ಓಡಿ ಮೆತ್ತೆ ತನ್ನಿ."

ಮೆತ್ತೆ ತರಲು ನಿಜವಾಗಿಯೂ ಒಬ್ಬ ಹೊರಟ. ಬಗ್ಗುವುದು ಸರಿಯೆಂದು ಕೊನೆಗೂ ಒಪ್ಪಿದಿರಿ ಎಂದು ಮೆತ್ತೆಯವರು, ನಾವೆಲ್ಲಿ ಒಪ್ಪಿದೆವು ಎಂದು ಹಲಗೆಯವರು, ಬಿದ್ದವಳ ಮೇಲಿಂದಲೇ ಕೈ ಬೀಸಿ ಬೀಸಿ ಜಗಳಕ್ಕೆ ನಿಂತರು. ಅವರ ಎಂಜಲು ಅವಳ ಮುಖದ ಮೇಲೆ ಸಿಡಿಯುತ್ತಿತ್ತು.

ಆ ಎಂಜಲು ಕಂಡು ಸಾರುವವನು ಬಗ್ಗಿದ.

ಲಟಕ್ ಎಂದಿತು, ಎನ್ನಲಿ ಎಂದು ಇನ್ನೂ ಬಗ್ಗಿದ. ಬೆನ್ನೊಳಗೆ ಏನೋ ಹರಿದಂತಾಯಿತು. ಮುಖ ಅವಳ ಮುಖದ ಹತ್ತಿರ ಬಂತು, ಕಿವಿ ಅವಳ ಬಾಯಿಯ ಹತ್ತಿರ ಬಂತು. ಅವಳ ಕಣ್ಣು ಮುಚ್ಚಿತ್ತು. ತುಟಿ ಮಾತ್ರ ದಿನವೂ ಅಲುಗುವ ಹಾಗೆಯೇ ಅಲುಗುತ್ತಿತ್ತು.

"ಅಂದೋರ ಬಾಯಿಗೆ ಮಣ್ಣು ಹಾಕ... ಅಂದೋರ ಬಾಯಿಗೆ ಮಣ್ಣು ಹಾಕ..."

ಮೊದಲು ಅವನಿಗೆ ಅರ್ಥವಾಗಲಿಲ್ಲ. ಏನು ಅಂದವರ? ಯಾರ ಬಾಯಿಗೆ? ಆಮೇಲೆ ಅವನ ಗಂಟಲಲ್ಲಿ ಬೆಳಗಿನ ಕೂಗು ತಾನಾಗಿ ಎದ್ದು, ಅವಳ ಮಾತಿನ ಮುಂದೆ ಬಂದು ನಿಂತುಕೊಂಡಿತು. ಗಂಡಸಾದೋನು ಬಗ್ಗಬಾರ್ದು. ಅಂದೋರ ಬಾಯಿಗೆ ಮಣ್ಣು ಹಾಕ. ಇಷ್ಟು ವರ್ಷ ದಿನದಿನವೂ, ಮಡಿಲಲ್ಲಿ ತನ್ನ ಚಪ್ಪಲಿ ಇಟ್ಟುಕೊಂಡು, ತನ್ನನ್ನೇ.

ಅವಳ ತೋಳಿನ ಕೆಳಗೆ ಕೈ ಹಾಕಿದ. ಆದರೆ ನೆಲದಿಂದ ಎಂದೂ ಏನನ್ನೂ ಎತ್ತದ ಕೈಗೆ ಎತ್ತುವುದು ಹೇಗೆಂದು ಗೊತ್ತಿರಲಿಲ್ಲ. ಎಲ್ಲಿ ಹಿಡಿಯಬೇಕು, ಎಲ್ಲಿ ಭಾರ ಕೊಡಬೇಕು, ಒಂದೂ ತಿಳಿಯದೆ ಎಳೆದ. ಸೊಂಟ ಹಿಡಿದುಕೊಂಡಿತು. ಅವಳ ಪಕ್ಕಕ್ಕೆ ಮುಖ ಅಡಿಯಾಗಿ ಬಿದ್ದ. ಬಾಯಿ ತುಂಬ ಮಣ್ಣು ಹೋಯಿತು.

ಕತ್ತು ಹೊರಳಿಸಿ ಮೇಲೆ ನೋಡಿದ. ಅಷ್ಟು ದೊಡ್ಡ ಗಂಡಸರಲ್ಲಿ ಕೆಳಗಿಂದ ಕಂಡದ್ದು ಇಷ್ಟೇ: ಮೂಗಿನ ಹೊಳ್ಳೆಗಳು, ಹೊಳ್ಳೆಯೊಳಗಿನ ಕೂದಲು, ಅದರಲ್ಲಿ ಕಟ್ಟಿದ ಸಿಂಬಳ, ಹಲಗೆಯ ಅಂಚಿನಿಂದ ಒಸರುವ ಕೀವು. ಕಟ್ಟೆಯ ಬುಡದಲ್ಲಿ ತಲೆಮಾರುಗಳ ಉಗುಳು ಕಪ್ಪಾಗಿ ಮೆತ್ತಿಕೊಂಡಿತ್ತು. ಅವಳು ದಿನವೂ ಕೂರುತ್ತಿದ್ದದ್ದು ಅಲ್ಲಿಯೇ. ಅವನಿಗೆ ವಾಂತಿಯಾಯಿತು. ಮಣ್ಣೂ ವಾಂತಿಯೂ ಬಾಯಲ್ಲಿರುವಾಗಲೇ, ತನಗೆ ಗೊತ್ತಿದ್ದ ಒಂದೇ ಒಂದು ಕೆಲಸ ಮಾಡಿದ. ಕೂಗಿದ.

"ಬನ್ರವ್ವೋ...! ಬಿದ್ದವ್ಳೆ...! ಬನ್ರವ್ವೋ...!"

ಮಾಡುಗಳನ್ನು ದಾಟಿ ಕೂಗು ಕೆರೆಯ ಏರಿಗೆ ಹೋಯಿತು. ಒದ್ದೆ ಕೈಯಲ್ಲೇ ಹೆಂಗಸರು ಓಡಿ ಬಂದರು. ಗಂಡಸರನ್ನು ಮೊಣಕೈಯಲ್ಲಿ ತಳ್ಳಿ, ಅವನನ್ನು ದಾಟಿಕೊಂಡು, ಒಬ್ಬಳು ಕಂಕುಳಿಗೆ, ಒಬ್ಬಳು ಸೊಂಟಕ್ಕೆ, ಒಬ್ಬಳು ಮಂಡಿಗೆ ಕೈ ಕೊಟ್ಟು ಅವಳನ್ನು ಹೂವೆತ್ತಿದ ಹಾಗೆ ಎತ್ತಿಕೊಂಡು ಹೋದರು. ಅವನು ಅವರ ಹಿಂದೆ ಅಂಗೈ ಮಂಡಿ ಊರಿ ಅಂಬೆಗಾಲಲ್ಲಿ ಹೋದ. ಮೆತ್ತೆ ಆಮೇಲೆ ಬಂತಂತೆ.

ತನ್ನ ಮನೆಯ ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತ. ಒಳಗಿನ ನರಳಾಟಕ್ಕೆಲ್ಲ ಅವನೂ ನರಳಿದ. ಹೊತ್ತು ಇಳಿಯುವಾಗ ಕೂಸಿನ ಅಳು ಕೇಳಿತು. ಸೂಲಗಿತ್ತಿ ಹೊರಗೆ ಬಂದು ಕೈ ತೊಳೆದುಕೊಳ್ಳುತ್ತ, "ಎರಡೂ ಉಳ್ಕೊಂಡ್ವು. ಗಂಡು," ಎಂದಳು.

ಅವನು ಗಳಗಳ ಅತ್ತ. ಆಮೇಲೆ ಕೇಳಿದ: "ಅವಳು ಅಂತಿದ್ಲಲ್ಲ, ಅದೇನದು?"

"ಕೇಳಿಸ್ತಾ? ಕೆಳಗೆ ಬಂದೋರಿಗೇ ಕೇಳ್ಸೋದು ಅದು." ಸೂಲಗಿತ್ತಿ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ನಿಮ್ಮ ಮೂಲಪುರುಷ ಸತ್ತಿದ್ದು ಅದೇ ಚೌಕದ ಮಣ್ಣಲ್ಲಿ. ನೀರು ನೀರು ಅಂದ. ಮಕ್ಕಳು ಸುತ್ತ ನಿಂತಿದ್ರು, ಒಬ್ಬನೂ ಬಗ್ಗಲಿಲ್ಲ. ಬಗ್ಗಬೇಡಿ ಅಂತ ಕಲಿಸಿದ್ದು ಅವನೇ ಅಲ್ವಾ? ಕೊನೇಲಿ, ಗಂಡಸಾದೋನು ಬಗ್ಗಬಾರ್ದು, ಅಂದ. ಅಲ್ಲಿಗೆ ಉಸಿರು ಸಿಗಾಕ್ಕೊಂತು. ಇವ್ರು ಅಷ್ಟು ಕೇಳ್ಕೊಂಡು ಮೀಸೆ ತಿರುವ್ಕೊಂಡು ಹೊರಟೇಬಿಟ್ರು. ಮಿಕ್ಕಿದ್ದನ್ನ ನೀರು ಹಿಡ್ಕೊಂಡು ಬಗ್ಗಿದ್ದ ಒಬ್ಬ ಮುದುಕಿ ಕೇಳಿಸ್ಕೊಂಡ್ಲು. ಪಾಪದೋನು ತನ್ನನ್ನ ತಾನೇ ಬೈಕೊಂಡು ಸತ್ತ."

"ನಮಗೆ ಯಾಕೆ ಹೇಳ್ಲಿಲ್ಲ?"

"ಅಯ್ಯೋ ನಿನ್ನ! ದಿನಾ ಬೆಳಗ್ಗೆ ಊರಿಗೂರೇ ಹೇಳ್ತಿಲ್ವೇನಪ್ಪ?"

ಅಷ್ಟರಲ್ಲಿ ಮನೆ ಮುಂದೆ ಜನ ಬಂತು. ಹಲಗೆಯ ಹಿರಿಯ ಬೀದಿಯಲ್ಲೇ ನಿಂತು, ಇನ್ನು ನೀನು ಕಟ್ಟೆ ಹತ್ತುವಂತಿಲ್ಲ ಎಂದು ಹೇಳಿ ಹೋದ. ಮೆತ್ತೆಯವರು ಅಂಗಳಕ್ಕೇ ಬಂದರು. ಗುರುವಿನ ಕೈಯಲ್ಲಿ ಸೇವಂತಿಗೆಯ ದಪ್ಪ ಹಾರ. "ನೆಲಕ್ಕೆ ಬಗ್ಗಿದ ಮೊದಲ ಗಂಡಸು! ಏಳು ತಮ್ಮ, ಎದ್ದು ನಿಲ್ಲು, ಹಾರ ಹಾಕಬೇಕು." ಹಾರ ಹಾಕಲು ಗುರು ಬಗ್ಗುವಂತಿರಲಿಲ್ಲ. ಸಾರುವವನು ಗೋಡೆ ಹಿಡಿದು, ನೋವು ನುಂಗಿ, ನೆಟ್ಟಗೆ ನಿಂತ. ಭೇಷ್ ಭೇಷ್ ಎಂದರು. ಹೇಳಲು ನಾಚಿಕೆಯಾಗಬೇಕು, ಅವನಿಗೆ ಹಿತವಾಯಿತು. ತೋಪಿಗೆ ಬಂದು ನಾಲ್ಕು ಮಾತಾಡಬೇಕು ಎಂದರು, ಆಗಲಿ ಎಂದ.

ಅವರು ಹೋದ ಮೇಲೆ ಹಾರ ಹಾಕಿಕೊಂಡೇ ಒಳಗೆ ಹೋದ. ಅವಳು ಚಾಪೆಯ ಮೇಲೆ ಕೂಸಿಗೆ ಹಾಲೂಡಿಸುತ್ತಿದ್ದಳು. ಅವಳ ತಲೆಯ ಮೇಲೆ ಎತ್ತರಕ್ಕೆ ನಿಂತು, ಗದ್ಗದ ದನಿಯಲ್ಲಿ ಹೇಳಿದ:

"ನಾನು ಬಗ್ಗಿದೆ ಕಣೇ."

ಅವಳು ಕತ್ತೆತ್ತಿ ಅವನನ್ನೂ ಹಾರವನ್ನೂ ನೋಡಿದಳು. ಮದುವೆಯಾದಂದಿನಿಂದ ಅವನನ್ನು ನೀವು ಎನ್ನುತ್ತಿದ್ದವಳು.

"ಬಗ್ಗಿದೆ ಅಂತ ಹೇಳೋಕೆ ನೆಟ್ಟಗೆ ಯಾಕೆ ನಿಂತಿದೀಯ?" ಎಂದಳು.

ಹಾರದ ಎಸಳು ಚಾಪೆಯ ಸುತ್ತ ಉದುರುತ್ತಿದ್ದವು. ಅವುಗಳ ಪಕ್ಕದಲ್ಲೇ ಕೂಸು ಕೊಳೆ ಮಾಡಿದ ಬಟ್ಟೆಯೊಂದು ಮುದ್ದೆಯಾಗಿ ಬಿದ್ದಿತ್ತು. ಅವನು ಹಾರ ತೆಗೆದ. ಗೋಡೆಗೆ ಬೆನ್ನು ಕೊಟ್ಟು ಜಾರಿ ನೆಲ ಮುಟ್ಟಿದ. ಎಸಳುಗಳನ್ನು ಒಂದೊಂದಾಗಿ ಹೆಕ್ಕಿದ, ಬಟ್ಟೆಯನ್ನೂ ಎತ್ತಿಕೊಂಡ. ಅವಳು ಕೂಸನ್ನು ಇನ್ನೊಂದು ಎದೆಗೆ ಹಾಕಿಕೊಂಡಳು.

ಬೆಳಗಾಯಿತು. ಹಿತ್ತಲ ಕಲ್ಲಿನ ಮೇಲೆ ಅವನು ಬಟ್ಟೆ ಉಜ್ಜುತ್ತ ಕೂತಿದ್ದಾಗ ಚೌಕದಿಂದ ಹೊಸಬನ ಕೂಗು ಬಂತು. ಎಳೆಯ ಗಂಟಲು, ಅಭ್ಯಾಸ ಸಾಲದು.

"ಗಂಡಸಾದೋನು ಬಗ್ಗಬಾರ್ದೂ...!"

ಹೊಸ್ತಿಲು ಹೊಸ್ತಿಲಿನಿಂದ ಗುಜುಗುಜು ಎದ್ದಿತು. ಅವನ ಹಲ್ಲಿನ ಸಂದಿಯಲ್ಲಿ ನಿನ್ನೆಯ ಮಣ್ಣು ಇನ್ನೂ ಕರಕರ ಎನ್ನುತ್ತಿತ್ತು. ಅವನು ತಲೆಯೆತ್ತಿ, ತನ್ನ ಹಳೆಯ ಗಂಟಲನ್ನು ಪೂರ್ತಿ ತೆರೆದು ಕೂಗಿದ:

"ಅಂದೋರ ಬಾಯಿಗೆ ಮಣ್ಣು ಹಾಕಾ...!"

ಕೂಗು ನೆಲಕ್ಕಂಟಿಕೊಂಡೇ ಹೋಯಿತು. ಬಾರು ಕಟ್ಟುತ್ತಿದ್ದ ಕೈಗಳು ಒಂದು ಗಳಿಗೆ ನಿಂತವು. ಬೀದಿಯಲ್ಲಿ ನೆಟ್ಟಗೆ ನಿಂತು ಬಾಳೆಹಣ್ಣು ತಿನ್ನುತ್ತಿದ್ದ ಹಲಗೆಯ ಹಿರಿಯನ ಕಿವಿಗೂ ಅದರ ಕೊನೆ ಮುಟ್ಟಿತು.

"ಕೇಳಿದ್ರಾ?" ಎಂದ ಅವನು ಪಕ್ಕದಲ್ಲಿದ್ದ ಗುರುವಿಗೆ. "ಹ್ಞಾ ಅಂದ. ಅವನೂ ಒಪ್ಪಿಕೊಂಡ."

ಗುರು ತಲೆದೂಗಿದ. ಹಿರಿಯ ಕೈಯಲ್ಲಿದ್ದ ಸಿಪ್ಪೆ ಬಿಟ್ಟ. ಅದು ಕೆಳಗೆ ಬಗ್ಗಿದ್ದ ಒಬ್ಬಳ ಬೆನ್ನ ಮೇಲೆ ಬಿತ್ತು.